ಅವಿರೋಧ ಆಯ್ಕೆ

ಆರ್ಥಿಕ ಹಿಂಜರಿತದ ಆ ವರ್ಷಗಳಲ್ಲಿ ನಮ್ಮ ಸಂಸಾರದ ಅರ್ಧ ಭಾರವನ್ನು ಹೊತ್ತದ್ದು ಪ್ರಜಾಪ್ರಭುತ್ವ ಎಂದರೆ ಯಾರೂ ನಂಬುವುದಿಲ್ಲ. ನನ್ನ ಗಂಡ ಡೆಟ್ರಾಯಿಟ್ ಬಳಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಒಂದು ಚಳಿಗಾಲದಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ನಾವಿದ್ದ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಒಂದೊಂದೇ ಮನೆಯ ಮುಂದೆ ಮಾರಾಟದ ಹಲಗೆ ಎದ್ದು, ಕೊನೆಗೆ ಹಲಗೆಯಿಲ್ಲದ ಮನೆ ಯಾವುದೆಂದು ಹುಡುಕುವ ಹಾಗಾಯಿತು. ಶಿಕಾಗೋ ಕಡೆ ಅವರಿಗೆ ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿದಾಗ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿ ಒಂದು ಟೌನ್‌ಹೌಸ್ ಬಾಡಿಗೆಗೆ ಹಿಡಿದೆವು. ಮದುವೆಗೆ ಮುಂಚೆ ನಾನು ಮೈಸೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದವಳು. ಅಮೆರಿಕಕ್ಕೆ ಬಂದ ಮೇಲೆ ಆ ಡಿಗ್ರಿಯನ್ನು ಯಾರೂ ಮೂಸಿ ನೋಡಿರಲಿಲ್ಲ. ಎಲ್ಲರ ಕೆಲಸ ಹೋಗುತ್ತಿದ್ದ ಹೊತ್ತಿನಲ್ಲಿ ನನಗೆ ಕೆಲಸ ಸಿಕ್ಕಿತು.

ಶಿಕಾಗೋ ಪೇಟೆಯೊಳಗೆ ಒಂದು ಬ್ಯಾಂಕಿನ ಮೇಲಿನ ಮಹಡಿಯಲ್ಲಿ ಆ ಕಚೇರಿ. ಉತ್ತರ ಯುರೋಪಿನ ಒಂದು ಪುಟ್ಟ ದೇಶದ ಸರ್ಕಾರ ತನ್ನ ತೆರಿಗೆ ಹಣದಲ್ಲಿ ಒಂದು ಪಾಲನ್ನು ಬೇರೆ ದೇಶಗಳಲ್ಲಿ ಪ್ರಜಾಪ್ರಭುತ್ವ ಬೇರೂರಲಿ ಎಂದು ಎತ್ತಿಡುತ್ತಿತ್ತು. ಚುನಾವಣಾ ಅಧಿಕಾರಿಗಳಿಗೆ ತರಬೇತಿ, ಆಳುವವರಿಗೆ ಹೆದರದ ಸಣ್ಣ ರೇಡಿಯೋಗಳಿಗೆ ನೆರವು, ಮತದಾನದ ದಿನ ಬಂದು ನಿಲ್ಲುವ ವೀಕ್ಷಕರು, ಹೀಗೆ ನಾನಾ ಬಗೆಯ ಕೆಲಸ. ಅದರಲ್ಲಿ ಒಂದನ್ನು ಈ ಕಚೇರಿ ಗುತ್ತಿಗೆ ಹಿಡಿದಿತ್ತು. ದೂರದ ಒಂದು ದೇಶದಲ್ಲಿ ಪುರಸಭೆಗೆ ನಿಲ್ಲಲು ಹೊರಟ ಹೆಂಗಸರನ್ನು ಕರೆಸಿ, ಇಲ್ಲಿನ ಊರುಗಳ ಸಭೆ ತೋರಿಸಿ, ಭಾಷಣ ಮಾಡುವುದನ್ನು, ಬಜೆಟ್ ಓದುವುದನ್ನು ಕಲಿಸಿ ವಾಪಸು ಕಳಿಸಬೇಕು. ಪಾಠದ ಪುಸ್ತಕ ಬರೆಯುವವಳು, ವರದಿ ತಿದ್ದುವವಳು ನಾನು. ಯುರೋಪಿನ ದುಡ್ಡು, ಅಮೆರಿಕದ ಆಫೀಸು, ಮೈಸೂರಿನ ಮೇಡಮ್ಮು ಎಂದು ನನ್ನ ಗಂಡ ರೇಗಿಸುತ್ತಿದ್ದರು. ರೇಗಿಸಿದರೆ ರೇಗುವ ಜಾಯಮಾನ ನನ್ನದು. ಆ ಕೆಲಸದ ಬಗ್ಗೆ ನನಗೆ ನಿಜವಾಗಿ ಹೆಮ್ಮೆಯಿತ್ತು.

ಆ ಸರ್ಕಾರದ ಪರವಾಗಿ ಬಂದು ಹೋಗುತ್ತಿದ್ದವನು ಒಬ್ಬ ಉದ್ದನೆಯ ಅಧಿಕಾರಿ. ಸಕ್ಕರೆ ಹಾಲು ಎರಡೂ ಇಲ್ಲದ ಕಾಫಿ ಕುಡಿಯುತ್ತಿದ್ದ. ಒಳ್ಳೆಯ ಮನುಷ್ಯ, ಒಂದು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ತನ್ನ ಸರ್ಕಾರ ಒಂದು ಕೈಯಲ್ಲಿ ಆ ದೇಶದ ಹೆಂಗಸರಿಗೆ ಚುನಾವಣೆ ಕಲಿಸುತ್ತ, ಇನ್ನೊಂದು ಕೈಯಲ್ಲಿ ಅಲ್ಲಿ ಆಳುವವರ ಜೊತೆ ಗ್ಯಾಸಿನ ವ್ಯಾಪಾರ ಮಾಡುತ್ತಿದೆ ಎಂಬುದನ್ನೂ ಅವನೇ ಹೇಳಿದ. "ಎರಡೂ ನಮ್ಮದೇ ಕೈ. ನಾನು ಒಂದು ಕೈಯ ಗುಮಾಸ್ತ, ಅಷ್ಟೆ," ಎಂದ. ಅವರ ಸಂಸತ್ತಿನಲ್ಲಿ ಆಗ ದಿನ ಬೆಳಗಾದರೆ ಒಂದೇ ಪ್ರಶ್ನೆಯಂತೆ: ನಮ್ಮಲ್ಲೇ ಜನ ಕೆಲಸ ಕಳೆದುಕೊಂಡು ಕೂತಿರುವಾಗ ಪರದೇಶದ ಮತಪೆಟ್ಟಿಗೆಗೆ ನಾವೇಕೆ ದುಡ್ಡು ಸುರಿಯಬೇಕು? ಅದರ ಪರಿಣಾಮವಾಗಿ ತರಬೇತಿಗೆ ಬರುವವರ ಹೋಟೆಲ್ ವಾಸ ರದ್ದಾಯಿತು. ಕಚೇರಿಯವರೇ ತಂತಮ್ಮ ಮನೆಗಳಲ್ಲಿ ಒಬ್ಬೊಬ್ಬರನ್ನು ಇಟ್ಟುಕೊಳ್ಳಬೇಕೆಂದಾಯಿತು. ಹಾಗೆ ಫೆಬ್ರವರಿಯ ಹಿಮದಲ್ಲಿ ಒಬ್ಬಳು ನಮ್ಮ ಮನೆಗೆ ಬಂದಳು.

ಅವಳ ದೇಶ ಯಾವುದೆಂದು ಬರೆಯುವುದಿಲ್ಲ. ಅವಳು ಇನ್ನೂ ಅಲ್ಲೇ ಇದ್ದಾಳೆ. ಬೆಟ್ಟದ ತಪ್ಪಲಿನ ಒಂದು ಊರಿನಲ್ಲಿ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಗಂಡ ಪುರಸಭೆಯ ಬಸ್ಸು ಓಡಿಸುತ್ತಿದ್ದ. ಊರಿನ ಕೆಳಗಿನ ಕೇರಿಗೆ ನೀರು ಬರುವುದಿಲ್ಲ, ಪೈಪು ಹಾಕಿಸುತ್ತೇವೆ ಎನ್ನುವವರು ತಲೆಮಾರಿನಿಂದ ಒಂದೇ ಮನೆಯವರು. ಅದಕ್ಕೇ ನಾನು ನಿಲ್ಲುತ್ತೇನೆ ಎಂದಳು. ಶರತ್ಕಾಲದಲ್ಲಿ ಚುನಾವಣೆ. ಅವಳು ಮತ್ತೇನನ್ನೂ ಕೇಳಿಕೊಂಡು ಬಂದವಳಲ್ಲ. ಇಬ್ಬರೂ ಮೇಷ್ಟ್ರುಗಳೇ ಆದ್ದರಿಂದ ಒಬ್ಬರನ್ನೊಬ್ಬರು ಟೀಚರ್ ಎಂದೇ ಕರೆದುಕೊಂಡೆವು.

ಅವಳ ಸೂಟ್‌ಕೇಸಿನಲ್ಲಿ ಆ ಚುನಾವಣೆಗೆಂದು ಮುದ್ರಿಸಿದ ಒಂದು ಪೋಸ್ಟರ್ ಇತ್ತು. ಉಗುರಿನ ಮೇಲೆ ಕಪ್ಪು ಗೆರೆಯಿರುವ ಬೆರಳಿನ ಚಿತ್ರ. ಆ ಶಾಯಿಯನ್ನು ಯುರೋಪಿನವರು ಕೊಳ್ಳುತ್ತಿರುವುದು ನಮ್ಮ ಮೈಸೂರಿನಿಂದ ಎಂದು ಕಚೇರಿಯಲ್ಲಿ ಕೇಳಿ ನನಗೆ ಗೊತ್ತಿತ್ತು. ಹೇಳಿದೆ. ನಮ್ಮೂರಿನಲ್ಲಿ ತಯಾರಾಗುವ ಶಾಯಿ, ನನ್ನ ಅಮ್ಮನ ಬೆರಳಿಗೆ, ನನ್ನ ಬೆರಳಿಗೆ ಬಿದ್ದ ಶಾಯಿ, ಈಗ ನಿನ್ನ ಬೆರಳಿಗೆ ಬೀಳುತ್ತದೆ ಎಂದೆ. ಅವಳು ನನ್ನ ಕೈ ಹಿಡಿದು ತೋರುಬೆರಳನ್ನು ತಿರುಗಿಸಿ ನೋಡಿದಳು. "ಮತ ಹಾಕಿದ ದಿನ ನನ್ನ ಬೆರಳಿನ ಫೋಟೋ ಕಳಿಸುತ್ತೇನೆ," ಎಂದಳು. ಅವಳು ಆಡಿದ್ದು ಇಂಗ್ಲಿಷಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಚೇರಿಯವರು ಅವಳಿಗೆ ಸುತ್ತಮುತ್ತಲ ಊರುಗಳ ಸಭೆಗಳನ್ನು ತೋರಿಸಿದರು. ಹಿಮ ಬಾಚುವ ಗಾಡಿ ಯಾವ ರಸ್ತೆಗೆ ಮೊದಲು ಬರಬೇಕು ಎಂದು ಜನ ಗಂಟೆಗಟ್ಟಲೆ ವಾದ ಮಾಡುವುದನ್ನು ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ಇಷ್ಟೆಲ್ಲ ತೋರಿಸಿದ ಮೇಲೆ ನಮ್ಮವರದ್ದನ್ನೂ ತೋರಿಸೋಣ ಎಂಬ ಆಸೆ ನನಗೆ. ಯುಗಾದಿಗೆ ಬೋಲಿಂಗ್‌ಬ್ರೂಕಿನ ಒಂದು ಶಾಲೆಯ ಊಟದ ಹಾಲಿನಲ್ಲಿ ನಮ್ಮ ಕನ್ನಡ ಸಂಘದ ಹಬ್ಬ. ಹಬ್ಬದ ಜೊತೆಗೇ ಸರ್ವಸದಸ್ಯರ ಸಭೆ, ಹೊಸ ಸಮಿತಿಯ ಆಯ್ಕೆ. ಪರದೇಶಕ್ಕೆ ಬಂದವರು ತಾವೇ ಕಟ್ಟಿಕೊಂಡ ಸಂಘ, ಇದಕ್ಕಿಂತ ಒಳ್ಳೆಯ ಪಾಠ ಯಾವುದು ಎಂದುಕೊಂಡೆ. ಅವಳಿಗೆ ನನ್ನದೊಂದು ಮೈಸೂರು ಸಿಲ್ಕ್ ಸೀರೆ ಉಡಿಸಿ ಕರೆದುಕೊಂಡು ಹೋದೆ.

ಬೇವುಬೆಲ್ಲ ಹಂಚಿದರು. ಮಕ್ಕಳ ಕುಣಿತವಾಯಿತು. ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿರುವಾಗ ಸಂಘದ ಹಿರಿಯರೊಬ್ಬರು ಮೈಕ್ ಹಿಡಿದರು. ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದೆವು. ಸ್ವಂತ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಕಂಪನಿ ಅವರದು. ನಾವು ಡೆಟ್ರಾಯಿಟಿನಿಂದ ಬರಿಗೈಯಲ್ಲಿ ಬಂದಾಗ ಸೋಫಾ, ಮಂಚ ಕೊಟ್ಟವರು ಅವರೇ. "ಸ್ನೇಹಿತರೇ, ಈ ವರ್ಷವೂ ನಮ್ಮ ಸಂಘದ ಸಂಪ್ರದಾಯದಂತೆ ಅಧ್ಯಕ್ಷರೂ ಸಮಿತಿಯವರೂ ಅವಿರೋಧವಾಗಿ ಆಯ್ಕೆಯಾಗಿದ್ದಾರೆ ಅಂತ ಹೇಳೋಕೆ ತುಂಬಾ ಸಂತೋಷವಾಗುತ್ತೆ," ಎಂದರು. ಸಭೆ ತುಂಬ ಚಪ್ಪಾಳೆ. ನಾನೂ ತಟ್ಟಿದೆ. ಜಗಳವಿಲ್ಲದೆ ಆದದ್ದಕ್ಕೆ ನಾವು ಚಪ್ಪಾಳೆ ತಟ್ಟುವವರೇ. ಕಾಲೇಜಿನ ಸೊಸೈಟಿಯಿಂದ ಹಾಲಿನ ಡೇರಿಯವರೆಗೆ ಅವಿರೋಧ ಎಂಬ ಮಾತಿಗೆ ನಮ್ಮಲ್ಲಿ ಮಂಗಳವಾದ್ಯದ ಮರ್ಯಾದೆ ಇದೆ. ಪತ್ರಿಕೆಯವರೂ ಅದನ್ನು ಹಾರ ಹಾಕಿದ ಫೋಟೋದ ಕೆಳಗೆ ಅಚ್ಚು ಹಾಕುತ್ತಾರೆ.

"ಏನೆಂದರು?" ಎಂದು ಅವಳು ಕೇಳಿದಳು.

ಎದುರಾಳಿ ಯಾರೂ ಇರಲಿಲ್ಲ, ಎಲ್ಲರೂ ಒಪ್ಪಿದ್ದಾರೆ ಎಂದು ಹೆಮ್ಮೆಯಿಂದಲೇ ಅನುವಾದ ಮಾಡಿದೆ. ಅವಳು ಚಪ್ಪಾಳೆ ತಟ್ಟಲಿಲ್ಲ. ಸಭೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿ, "ನಿಲ್ಲಬೇಕೆಂದಿದ್ದವರು ಯಾರು?" ಎಂದಳು.

ಯಾರೂ ಇಲ್ಲ ಎನ್ನಲು ಬಾಯಿ ತೆರೆದವಳಿಗೆ ನಾವು ಧಾರವಾಡದವರು ಎಂದೇ ಕರೆಯುತ್ತಿದ್ದ ಒಬ್ಬರ ನೆನಪಾಯಿತು. ಆತ ಡೆಟ್ರಾಯಿಟಿನಲ್ಲಿ ನನ್ನ ಗಂಡನ ಜೊತೆ ಅದೇ ಕಾರ್ಖಾನೆಯಲ್ಲಿದ್ದವರು, ಅವರ ಜೊತೆಯಲ್ಲೇ ಕೆಲಸ ಕಳೆದುಕೊಂಡವರು. ಬೋಲಿಂಗ್‌ಬ್ರೂಕಿಗೆ ಬಂದು ವರ್ಷ ಕಳೆದರೂ ಕೆಲಸವಿರಲಿಲ್ಲ. ಹೆಂಡತಿ ಅಲ್ಲಿನ ಒಂದು ವೇರ್‌ಹೌಸಿನಲ್ಲಿ ಡಬ್ಬ ಕಟ್ಟುವ ಪಾಳಿಗೆ ಹೋಗುತ್ತಿದ್ದಳು. ಸಂಘದ ದುಡ್ಡಿನಲ್ಲಿ ಈ ಸಲ ಬೆಂಗಳೂರಿನ ಹಾಡುಗಾರರನ್ನು ಕರೆಸುವುದು ಬೇಡ, ಕೆಲಸ ಹೋದವರ ಮನೆಗಳಿಗೆ ನೆರವಾಗೋಣ, ಅದಕ್ಕಾಗಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಎಂದು ಅವರು ಸಂಕ್ರಾಂತಿಯ ಹೊತ್ತಿಗೆ ನಮ್ಮ ಮನೆಯಲ್ಲೇ ಹೇಳಿದ್ದರು. ಈಗ ಹಿಂದೆ ನಿಂತು ಊಟದ ತಟ್ಟೆಗಳನ್ನು ಜೋಡಿಸುತ್ತಿದ್ದರು. ಅವಳನ್ನು ಕರೆದುಕೊಂಡು ಅವರ ಹತ್ತಿರ ಹೋದೆ. ಯಾಕೆ ನಿಲ್ಲಲಿಲ್ಲ ಎಂದು ಕೇಳಿದೆ.

ಅವರು ನನ್ನನ್ನು ಧಾರವಾಡದ ಕಡೆ ಅತ್ತಿಗೆಯನ್ನು ಕರೆಯುವಂತೆ ವೈನಿ ಎನ್ನುತ್ತಿದ್ದರು. "ಹೋಗ್ಲಿ ಬಿಡ್ರಿ ವೈನಿ. ಅಂಕಲ್ಲು ಇನ್ನಿಬ್ಬರನ್ನ ಕರ್ಕೊಂಡು ಮನೀಗೆ ಬಂದಿದ್ರು. ಚಾ ಕುಡದ್ರು. ಭಾಳ ಪ್ರೀತಿಲೇ ಮಾತಾಡಿದ್ರು. ಸಣ್ಣ ಸಂಘ, ಯಾಕ ಸುಮ್ನ ಇಲೆಕ್ಷನ್ನು, ಮನಸ್ತಾಪ ಅಂದ್ರು."

"ಅಷ್ಟಕ್ಕೇ ಬಿಟ್ಟುಬಿಟ್ರಾ?" ಎಂದು ನಾನು ಸಿಡುಕಿದೆ.

ಅವರು ತಟ್ಟೆ ಜೋಡಿಸುವುದನ್ನು ನಿಲ್ಲಿಸಲಿಲ್ಲ. "ಅವರ ಕಂಪನಿಯೊಳಗ ನನ್ನ ರೆಸ್ಯೂಮೆ ಅದ ರೀ. ಅದರ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ."

ಅವಳಿಗೆ ಕನ್ನಡ ಬಾರದು. ಆದರೆ ಅವರ ಮುಖವನ್ನೇ ನೋಡುತ್ತಿದ್ದಳು. ವಾಪಸು ಬರುವಾಗ ನಾನು ಡ್ರೈವ್ ಮಾಡುತ್ತ ಅವರು ಹೇಳಿದ್ದನ್ನು ಬಿಡಿಸಿ ಹೇಳಿದೆ. ಹಿಂದಿನ ಸೀಟಿನಲ್ಲಿದ್ದ ನನ್ನ ಮಗಳು, "ಬಟ್ ಅಮ್ಮ, ಅಂಕಲ್ ಈಸ್ ಸೋ ನೈಸ್," ಎಂದಳು. ಅದೂ ಸುಳ್ಳಲ್ಲ. ಅಂಕಲ್ಲಿಗೆ ತಾವು ಏನಾದರೂ ತಪ್ಪು ಮಾಡಿದ್ದೇವೆ ಎಂದು ಕನಸಿನಲ್ಲೂ ಅನ್ನಿಸಿರಲಿಕ್ಕಿಲ್ಲ. ಹೆದ್ದಾರಿ ಬಿಟ್ಟು ನಮ್ಮ ಎಕ್ಸಿಟ್ಟಿಗೆ ಕಾರು ತಿರುಗಿಸಿದೆ. ಪಕ್ಕದ ಸೀಟಿನಿಂದ ಅವಳು ಹೇಳಿದಳು: "ನಮ್ಮಲ್ಲೂ ಹಾಗೇ, ಟೀಚರ್. ಹೊಡೆಯುವವರು ಬಂದರೆ ಯುರೋಪಿನವರಿಗೆ ಫೋನ್ ಮಾಡಬಹುದು. ಚಹಾ ಕುಡಿಯಲು ಬಂದವರ ಮೇಲೆ ಯಾರಿಗೆ ದೂರು ಕೊಡುವುದು?"

ಅವಳು ಹೊರಡುವ ವಾರ ಆ ಉದ್ದನೆಯ ಅಧಿಕಾರಿ ಬಂದಿದ್ದ. ಅವಳ ಮಾತನ್ನು ಅವನ ಮುಂದಿಟ್ಟೆ. ನನ್ನ ಪಾಠದ ಪುಸ್ತಕದಲ್ಲಿ ಬೆದರಿಕೆ ಬಂದರೆ ಏನು ಮಾಡಬೇಕು, ಲಂಚ ಕೊಡಲು ಬಂದರೆ ಏನು ಮಾಡಬೇಕು ಎಂಬುದಿದೆ, ಪ್ರೀತಿಯಿಂದ ಬಂದು ಕೂತವರಿಗೆ ಏನು ಹೇಳಬೇಕು ಎಂಬುದಿಲ್ಲ ಎಂದೆ. ಅವನು ಕಪ್ಪನ್ನು ಕೆಳಗಿಟ್ಟ. "ಮತಪೆಟ್ಟಿಗೆ ಕೊಡಬಹುದು. ಶಾಯಿ ಕೊಡಬಹುದು. ವೀಕ್ಷಕರನ್ನು ಮತಗಟ್ಟೆಯ ಬಾಗಿಲಲ್ಲಿ ನಿಲ್ಲಿಸಬಹುದು. ಅವಳ ಮನೆಯ ಜಗುಲಿಯಲ್ಲಿ ಕೂರಿಸಲು ನಮಗೆ ಅಧಿಕಾರವಿಲ್ಲ," ಎಂದ. ಇರಬಾರದು ಕೂಡ ಎಂದು ಸೇರಿಸಿದ. ನನಗೆ ಸಿಟ್ಟು ಬಂತು, ಆದರೆ ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಪರದೇಶದ ಸರ್ಕಾರವೊಂದು ನಮ್ಮ ಜಗುಲಿಯಲ್ಲಿ ಕೂತರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶದವರಿಗೆ ಯಾರೂ ಕಲಿಸಿಕೊಡಬೇಕಿಲ್ಲ.

ವಿಮಾನ ನಿಲ್ದಾಣದಲ್ಲಿ ಅವಳು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ತೋರುಬೆರಳನ್ನು ಎತ್ತಿ ತೋರಿಸಿ ಒಳಗೆ ಹೋದಳು.

ಆ ಶರತ್ಕಾಲ ನಾನು ಫೋಟೋಗಾಗಿ ಕಾದೆ. ಮತದಾನದ ದಿನ ಕಳೆಯಿತು, ಫೋಟೋ ಬರಲಿಲ್ಲ. ಬಂದದ್ದು ಫೋನು. ಯಾರಾದರೂ ಕೇಳಿಸಿಕೊಳ್ಳುತ್ತಿರಬಹುದು ಎಂದೋ ಏನೋ, ಹವಾಮಾನದ ಮಾತಾಡುವ ಹಾಗೆ ಮಾತಾಡಿದಳು. "ಅತಿಥಿಗಳು ಬಂದಿದ್ದರು, ಟೀಚರ್. ಒಳ್ಳೆಯ ಜನ. ಮಕ್ಕಳಿಗೆ ಸಿಹಿ ತಂದಿದ್ದರು. ನನ್ನ ಗಂಡನ ಬಸ್ಸಿನ ವಿಷಯ ಯಾರೂ ಎತ್ತಲಿಲ್ಲ." ನಾಮಪತ್ರವನ್ನು ಅವಳು ವಾಪಸು ತೆಗೆದುಕೊಂಡಿದ್ದಳು. ಅವಳ ವಾರ್ಡಿನಲ್ಲಿ ಪೈಪು ಹಾಕಿಸುತ್ತೇವೆ ಎನ್ನುತ್ತಿದ್ದ ಆ ಮನೆಯವನೊಬ್ಬನೇ ಉಳಿದಿದ್ದ. ಒಬ್ಬನೇ ಉಳಿದ ಕಡೆ ಮತದಾನವಿಲ್ಲ. ಮತದಾನವಿಲ್ಲದ ಕಡೆ ಶಾಯಿಯೂ ಬೇಕಿಲ್ಲ. "ನಿಮ್ಮೂರಿನ ಬಾಟಲಿಗಳನ್ನು ಮುಚ್ಚಳ ತೆಗೆಯದೆ ವಾಪಸು ಕಳಿಸಿದರು," ಎಂದಳು. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ. ಬಸ್ಸಿನ ಚಾಲಕನ ಹೆಂಡತಿಯೊಬ್ಬಳು ಸೋಲುವ ಅವಕಾಶವನ್ನೂ ಕಳೆದುಕೊಂಡಿದ್ದಳು.

ಅದಾದ ಮೇಲೆ ಆ ಚುನಾವಣೆಯ ವರದಿ ಬರೆಯುವ ಸರದಿ ನನ್ನದು. ಗಲಾಟೆಯಾದ ವಾರ್ಡುಗಳು ಒಂದು ಕಡೆ, ಶಾಂತಿಯುತವಾಗಿ ಮುಗಿದ ವಾರ್ಡುಗಳು ಇನ್ನೊಂದು ಕಡೆ. ಅವಿರೋಧವಾದವನ್ನು ಶಾಂತಿಯುತದ ಕೆಳಗೇ ಸೇರಿಸುವುದು ಪದ್ಧತಿ. ಸೇರಿಸುವುದಿಲ್ಲ ಎಂದು ನಾನು ಹಟ ಹಿಡಿದೆ. ಅಧಿಕಾರಿ ತನ್ನ ರಾಜಧಾನಿಯಿಂದ ಫೋನ್ ಮಾಡಿದ. ಅವನ ಸಂಸತ್ತಿಗೆ ಒಳ್ಳೆಯ ಸುದ್ದಿ ಬೇಕಿತ್ತು. ಇಲ್ಲದಿದ್ದರೆ ಇಡೀ ಕಾರ್ಯಕ್ರಮಕ್ಕೇ ಕತ್ತರಿ. ಕತ್ತರಿ ಬಿದ್ದರೆ ನನ್ನ ಕೆಲಸವೂ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು, ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೀಗೆ ಎತ್ತದಿರುವುದನ್ನು ನಾನು ಎಲ್ಲಿ ಕಂಡಿದ್ದೇನೆ ಎಂದು ಹೊಳೆಯಿತು. ಕೊನೆಗೆ ಅವನು ತನ್ನ ಮೇಲಿನವರ ಜೊತೆ ಗುದ್ದಾಡಿ ಒಂದು ಅಡಿಟಿಪ್ಪಣಿ ಗಿಟ್ಟಿಸಿಕೊಟ್ಟ. ಕೆಲವು ವಾರ್ಡುಗಳಲ್ಲಿ ಸ್ಪರ್ಧೆಯೇ ಇಲ್ಲದಿರುವ ಕಾರಣವನ್ನು ಪರಿಶೀಲಿಸುವುದು ಒಳ್ಳೆಯದು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಯಿತು. ಅವಳು ಆ ಸಾಲಿನೊಳಗೆ ಎಲ್ಲೋ ಇದ್ದಾಳೆ. ಮರು ವರ್ಷ ಕಾರ್ಯಕ್ರಮ ಹೇಗೂ ನಿಂತುಹೋಯಿತು.

ಮತ್ತೆ ಯುಗಾದಿ ಬಂತು. ಅಷ್ಟರಲ್ಲಿ ಧಾರವಾಡದವರಿಗೆ ಅಂಕಲ್ಲಿನ ಕಂಪನಿಯಲ್ಲೇ ಕೆಲಸ ಸಿಕ್ಕಿತ್ತು. ಈ ಸಲ ನಾನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ನನ್ನ ಗಂಡ ತಲೆಯ ಮೇಲೆ ಕೈಯಿಟ್ಟುಕೊಂಡರು. "ಯಾಕೆ ಬೇಕಿತ್ತು ನಿಂಗೆ? ಸೋಲ್ತೀಯ," ಎಂದರು. ಸೋಲುತ್ತೇನೆಂದು ನನಗೂ ಗೊತ್ತಿತ್ತು. ಅಂಕಲ್ ನಮ್ಮ ಮನೆಗೂ ಬಂದರು. ತಾವೇ ಕೊಟ್ಟ ಸೋಫಾದಲ್ಲಿ ಕೂತು ಕಾಫಿ ಕುಡಿದರು. "ಏನಮ್ಮ, ನೀನು ಓದಿದೋಳು. ಇಷ್ಟು ವರ್ಷ ಒಂದು ಫ್ಯಾಮಿಲಿ ಥರ ಇದ್ದೀವಿ. ಮುಂದಿನ ವರ್ಷ ನಿನ್ನನ್ನೇ ಮಾಡೋಣ, ಎಲ್ಲರೂ ಒಪ್ಕೊಂಡು," ಎಂದರು. "ಒಪ್ಕೊಳ್ಳೋದು ಬೇಡ ಅಂಕಲ್, ಎಣಿಸೋಣ," ಎಂದೆ. ಅವರಿಗೆ ನಿಜವಾಗಿಯೂ ನೋವಾಯಿತು. ಆ ನೋವನ್ನು ನೋಡಿ ನನಗೂ ನೋವಾಯಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೋದರು.

ಸಭೆಯಲ್ಲಿ ನನ್ನ ಹೆಸರನ್ನು ನನ್ನ ಗಂಡನೇ ಮೆಲುದನಿಯಲ್ಲಿ ಸೂಚಿಸಿದರು. ಮೈಕ್ ಹಿಡಿದ ಅಂಕಲ್, "ಅನುಮೋದನೆ ಯಾರಾದ್ರೂ?" ಎಂದರು. ನಿಯಮದ ಪ್ರಕಾರ ಬೇರೆ ಮನೆಯವರೊಬ್ಬರು ಕೈ ಎತ್ತಬೇಕು. ಯಾರ ಕೈಯೂ ಏಳಲಿಲ್ಲ. ಎಷ್ಟೋ ಮುಖಗಳು ನನ್ನವೇ ಎಂದುಕೊಂಡಿದ್ದೆ. ಎಲ್ಲ ಮುಖಗಳೂ ಚಪ್ಪಲಿ ನೋಡಿಕೊಳ್ಳುತ್ತಿದ್ದವು. ಧಾರವಾಡದವರೂ ತಲೆ ತಗ್ಗಿಸಿದ್ದರು. ಅವರ ಪಕ್ಕದಿಂದ ಅವರ ಹೆಂಡತಿ ಎದ್ದು ನಿಂತಳು. ಅಂಥ ಸಭೆಗಳಲ್ಲಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ನಾ ಮಾಡ್ತೀನ್ರಿ," ಎಂದಳು.

ಗಂಡ ಅವಳ ಸೆರಗನ್ನು ಹಿಡಿಯಲಿಲ್ಲ. ಅಷ್ಟು ಮಾತ್ರ ಆತ ಮಾಡಿದ್ದು, ಮತ್ತು ಅದು ಸಣ್ಣದಲ್ಲ. ಪೇಪರ್ ನ್ಯಾಪ್ಕಿನ್‌ಗಳನ್ನು ಹರಿದು ಚೀಟಿ ಮಾಡಿದರು. ಬೇವುಬೆಲ್ಲ ತಂದಿದ್ದ ಸ್ಟೀಲ್ ಡಬ್ಬಿ ಮತಪೆಟ್ಟಿಗೆಯಾಯಿತು. ಸಂಘದ ಇತಿಹಾಸದಲ್ಲೇ ಮೊದಲ ಮತದಾನ. ಊಟ ತಡವಾಯಿತೆಂದು ಗೊಣಗಿದವರು ಬಹಳ ಜನ. ಹಿರಿಯರೆಲ್ಲ ಒಪ್ಪಿಟ್ಟಿದ್ದ ಅಭ್ಯರ್ಥಿಯೆದುರು ನಾನು ಚೆನ್ನಾಗಿಯೇ ಸೋತೆ. ಚೀಟಿಗಳನ್ನು ಮೈಕಿನಲ್ಲಿ ಒಂದೊಂದಾಗಿ ಓದಿದ ಅಂಕಲ್, ನನ್ನ ಹೆಸರು ಬಂದಾಗಲೂ ಅದೇ ದನಿಯಲ್ಲಿ ಓದಿದರು. ಅದಕ್ಕೆ ಅವರ ಮೇಲೆ ಗೌರವ ಬಂತು. ಧಾರವಾಡದವರ ಕೆಲಸಕ್ಕೂ ಏನೂ ಆಗಲಿಲ್ಲ. ಆಗಬಹುದಿತ್ತು ಎಂಬ ಹೆದರಿಕೆಯೊಂದೇ ಅಷ್ಟು ದಿನ ನಮ್ಮೆಲ್ಲರನ್ನೂ ಆಳಿತ್ತು.

ಮಾರನೆಯ ದಿನ ಆ ಬೆಟ್ಟದ ಊರಿನ ಟೀಚರಿಗೆ ಫೋನ್ ಮಾಡಿದೆ. ಅವರಲ್ಲಿ ಅದು ಸಂಜೆ. ನಮ್ಮ ಸಂಘದಲ್ಲಿ ನಾನು ಚುನಾವಣೆಗೆ ನಿಂತಿದ್ದೆ ಎಂದೆ.

"ಅತಿಥಿಗಳು ಬಂದರಾ?"

"ಬಂದಿದ್ದರು. ಕಾಫಿ ಕುಡಿದು ಹೋದರು. ನಾನು ಹಿಂದೆ ಸರಿಯಲಿಲ್ಲ. ಸೋತೆ, ಟೀಚರ್."

"ನಿನ್ನ ಮತಗಳನ್ನು ಎಣಿಸಿದರಾ?" ಎಂದು ಕೇಳಿದಳು.

"ಎಣಿಸಿದರು. ಹನ್ನೊಂದು."

ಅವಳು ಫೋನನ್ನು ಬದಿಗೆ ಹಿಡಿದು, ಒಳಗಿದ್ದ ಗಂಡನಿಗೆ ಕೇಳಿಸುವಂತೆ ತನ್ನ ಭಾಷೆಯಲ್ಲಿ ಒಂದೇ ಒಂದು ಶಬ್ದ ಕೂಗಿ ಹೇಳಿದಳು. ಆ ಭಾಷೆ ನನಗೆ ಬಾರದು. ಹನ್ನೊಂದು ಎಂದೇ ಇರಬೇಕು. ಮತ್ತೊಮ್ಮೆ ಕೂಗಿದಳು, ಮನೆಯಲ್ಲಿ ಯಾರೋ ಗೆದ್ದು ಬಂದಿದ್ದಾರೆ ಎನ್ನುವ ಹಾಗೆ. ಆಮೇಲೆ ಫೋನಿನಲ್ಲಿ ಅವಳು ಅಳುವುದು ಕೇಳಿಸಿತು.